ಯಾರೂ ಬರೆಯದ ಬಾವಿ

ದೆವ್ವ, ಗಾಳಿ, ಶಕುನ ಅಂತ ಯಾರಾದರೂ ಶುರು ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಸಿವಿಲ್ ಡಿಪ್ಲೊಮಾ ಮಾಡಿದವಳು. ಗೋಡೆಯ ಉದ್ದ, ಅಗಲ, ಎತ್ತರ ಕೊಟ್ಟರೆ ಇಟ್ಟಿಗೆ ಎಷ್ಟು ಬೇಕೆಂದು ಹೇಳಬಲ್ಲೆ. ಅಳತೆಗೆ ಸಿಗದ ಸಂಗತಿಗಳ ಗೊಡವೆ ನನಗೇಕೆ ಎನ್ನುತ್ತಿದ್ದೆ. ಈಗಲೂ ಹೆಚ್ಚುಕಡಿಮೆ ಹಾಗೇ ಇದ್ದೇನೆ. ಆದರೆ ತೊಂಬತ್ತರ ದಶಕದ ಆರಂಭದ ಒಂದು ಶನಿವಾರ ಮಧ್ಯಾಹ್ನ ಮಾತ್ರ ನನ್ನ ಯಾವ ಲೆಕ್ಕಕ್ಕೂ ಸಿಕ್ಕಿಲ್ಲ. ನೀವು ನಂಬಲೇಬೇಕೆಂಬ ಹಟವೇನೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಮದುವೆಯಾಗಿ ಮೈಸೂರಿನಿಂದ ಸಯನ್‌ಗೆ ಬಂದ ಮೇಲೆ ಬಾಂದ್ರಾದ ಒಬ್ಬ ಬಿಲ್ಡರ್ ಆಫೀಸಿನಲ್ಲಿ ಎಸ್ಟಿಮೇಟ್ ಮಾಡುವ ಕೆಲಸ ಸಿಕ್ಕಿತ್ತು. ಆ ವರ್ಷ ಶೇಠ್ ಕಂಪ್ಯೂಟರ್ ತರಿಸಿದರು. ಅದಕ್ಕೊಂದು ಎ.ಸಿ. ಕೋಣೆ, ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ನಮ್ಮತ್ತೆಯ ದೇವರ ಮನೆಗೂ ಅಷ್ಟು ಮಡಿ ಇರಲಿಲ್ಲ! ಪರದೆಯ ಮೇಲೆ ಕಟ್ಟಡವನ್ನು ಪಾಯದಿಂದ ತಾರಸಿಯವರೆಗೆ ಗೆರೆಗಳಲ್ಲಿ ಕಟ್ಟಿ ನಿಲ್ಲಿಸಿದರೆ ಕಾಂಕ್ರೀಟ್ ಎಷ್ಟು, ಇಟ್ಟಿಗೆ ಎಷ್ಟು, ಅಗೆಯಬೇಕಾದ ಮಣ್ಣು ಎಷ್ಟು ಎಂದು ಅದೇ ಕೂಡಿ ಹೇಳುತ್ತಿತ್ತು. ನಮ್ಮ ಹಿರಿಯ ಎಸ್ಟಿಮೇಟರ್ ರಾಯರಿಗೆ ಅದರ ಮೇಲೆ ನಂಬಿಕೆಯೇ ಇಲ್ಲ. ಉಡುಪಿ ಕಡೆಯವರು. ನಾನು ಕಂಪ್ಯೂಟರಿನಲ್ಲಿ ತೆಗೆದ ಲೆಕ್ಕವನ್ನು ಅವರು ಕೈಯಲ್ಲಿ ಇನ್ನೊಮ್ಮೆ ತೆಗೆಯುವರು. ಎರಡೂ ತಾಳೆಯಾದರೆ ಮಾತ್ರ ಸಹಿ.

ಆಗ ಕೈಯಲ್ಲಿದ್ದದ್ದು ಖಾರ್ ಕಡೆಯ ಒಂದು ಪ್ಲಾಟು. ಜಾಗ ಸ್ವಚ್ಛ ಮಾಡಿಯಾಗಿತ್ತು, ಪಾಯ ಇನ್ನೂ ತೋಡಿರಲಿಲ್ಲ. ವಿಜಾಪುರ ಕಡೆಯ ಕೂಲಿಯವರು ಹಿಂಭಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಅಲ್ಲಿ ಹಾಕಿಕೊಳ್ಳಿ ಎಂದು ಜಾಗ ತೋರಿಸಿದ್ದು ನಮ್ಮ ಆಫೀಸೇ. ಕೊನೆಯ ಮೂಲೆಯ ಗುಡಿಸಲು ದೇವಮ್ಮನದು. ಗಂಡ, ಹೆಂಡತಿ, ಒಂದು ಎಳೆಗೂಸು. ನನ್ನ ಕನ್ನಡ ಕೇಳಿದ ದಿನದಿಂದ ಅವಳು ನನಗೆ ಚಹಾ ಕುಡಿಸದೆ ಕಳಿಸಿದವಳಲ್ಲ.

ಆ ಶನಿವಾರ ಬೆಳಗಿನಿಂದ ಒಂದೇ ಸಮನೆ ಮಳೆ. ಅರ್ಧ ದಿನದ ಆಫೀಸು, ಉಳಿದವರೆಲ್ಲ ಲೋಕಲ್ ರೈಲು ನಿಂತುಹೋಗುವ ಮೊದಲೇ ಮನೆಗೆ ಹೊರಟಿದ್ದರು. ನಾನೂ ರಾಯರೂ ಕೂತು ಲೆಕ್ಕ ತಾಳೆ ನೋಡಿದೆವು. ಎಲ್ಲವೂ ಸರಿಹೋಯಿತು, ಅಗೆತದ ಮಣ್ಣೊಂದನ್ನು ಬಿಟ್ಟು. ನನ್ನದು ಸಿಕ್ಕಾಪಟ್ಟೆ ಹೆಚ್ಚು.

“ಎಂಥ ಮಾರಾಯ್ತಿ, ನಿನ್ನ ಮಿಷನ್ ಪಾತಾಳದವರೆಗೆ ಅಗೆಯಲಿಕ್ಕೆ ಹೊರಟಿದೆಯಾ?” ಎಂದು ನಕ್ಕು ರಾಯರು ಊಟದ ಡಬ್ಬಿ ಹಿಡಿದು ಬರಿಗಾಲಲ್ಲೇ ಹೊರಗಿನ ಮೇಜಿಗೆ ಹೋದರು.

ನನಗೆ ರೇಗಿತು. ಕಟ್ಟಡವನ್ನು ಪರದೆಯ ಮೇಲೆ ಅಡ್ಡಕ್ಕೆ ತಿರುಗಿಸಿ ನೋಡಿದೆ. ಹಿಂಭಾಗದ ಕೊನೆಯ ಮೂಲೆಯಲ್ಲಿ, ಪಾಯದ ಗುಂಡಿಗಳಿಗಿಂತ ಎಷ್ಟೋ ಆಳಕ್ಕೆ, ದುಂಡಗಿನ ಕೊಳವೆಯೊಂದು ಇಳಿದಿತ್ತು. ನಾನು ಅದನ್ನು ಬರೆದಿರಲಿಲ್ಲ. ಆ ಮೂಲೆಯಲ್ಲಿ ನಮಗೆ ಯಾವ ಕೆಲಸವೂ ಇರಲಿಲ್ಲ. ಕೈತಪ್ಪಿ ಏನೋ ಆಗಿರಬೇಕೆಂದು ಅಳಿಸಿದೆ. ಲೆಕ್ಕ ರಾಯರ ಲೆಕ್ಕಕ್ಕೆ ಸರಿಯಾಗಿ ಕೂತಿತು. ಸೇವ್ ಮಾಡಿ, ಮುಚ್ಚಿ, ಮತ್ತೆ ತೆರೆದೆ. ಕೊಳವೆ ಇತ್ತು. ಇನ್ನೊಮ್ಮೆ ಅಳಿಸಿ ತೆರೆದೆ. ಮತ್ತೆ ಇತ್ತು. ಈ ಸಲ ಹತ್ತಿರಕ್ಕೆ ತಂದು ನೋಡಿದೆ. ಒಳಗೋಡೆಗೆ ಅಂಟಿಕೊಂಡು ಸುತ್ತ ಸುತ್ತ ಇಳಿಯುವ ಮೆಟ್ಟಿಲುಗಳು. ಅದು ಬಾವಿ.

ಆ ಮೂಲೆ ಯಾರದೆಂದು ಆಗ ಹೊಳೆಯಿತು. ಹೆದರಿದೆ ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ. ರಾಯರನ್ನು ಕರೆದು ತೋರಿಸಬೇಕೆಂದೂ ತೋಚಲಿಲ್ಲ. ಬಾಗಿಲಲ್ಲಿ ಸಿಕ್ಕಿದ ಚಪ್ಪಲಿ ಮೆಟ್ಟಿಕೊಂಡು ಓಡಿ ರಿಕ್ಷಾ ಹಿಡಿದೆ. ಅವು ರಾಯರ ಚಪ್ಪಲಿಗಳೆಂದು ಆಮೇಲೆ ಗೊತ್ತಾಯಿತು.

ದೇವಮ್ಮ ಒಲೆಯ ಮುಂದೆ ಕೂತಿದ್ದಳು.

“ದೇವಮ್ಮ, ಮಗೂನ ಎತ್ಕೊಂಡು ಹೊರಗೆ ಬಾ. ಬೇಗ!”

“ಏನಾತ್ರಿ ಅಕ್ಕಾರ? ಈ ಮಳ್ಯಾಗ ಎಲ್ಲಿಗಿ ಬರ್ಲಿ? ಕೂಸಿಗಿ ಜ್ವರ ಬಂದಾವ್ರಿ.”

ಕಂಪ್ಯೂಟರಿನ ವಿಷಯ ಹೇಳಿದರೆ ನನಗೇ ಹುಚ್ಚೆನ್ನುತ್ತಾಳೆ. ಆದರೆ ಕೂಲಿಯವರಿಗೆ ನಕ್ಷೆ ಎಂದರೆ ಮುಗಿಯಿತು. ನಕ್ಷೆಯಲ್ಲಿದ್ದರೆ ಗೋಡೆ ಏಳುತ್ತದೆ, ಇಲ್ಲದಿದ್ದರೆ ಎದ್ದ ಗೋಡೆಯನ್ನೂ ಒಡೆಯುತ್ತಾರೆ. “ನಕ್ಷೆಯಲ್ಲಿ ಇಲ್ಲಿ ಬಾವಿ ಇದೆ ಕಣೇ!” ಎಂದು ಕಿರುಚಿದೆ.

ಅವಳು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಬಂದಳು. ಪಕ್ಕದ ಗುಡಿಸಲುಗಳವರೂ, ಅವಳ ಗಂಡನೂ ಬಂದು ಸಿಮೆಂಟಿನ ಶೆಡ್ಡಿನ ಕೆಳಗೆ ನಿಂತರು. ಏನೂ ಆಗಲಿಲ್ಲ. ಬಹಳ ಹೊತ್ತು ಏನೂ ಆಗಲಿಲ್ಲ. ಗುಡಿಸಲಿನ ತಾಡಪತ್ರಿಯ ಮೇಲೆ ಮಳೆ ಬೀಳುವುದನ್ನೇ ಎಲ್ಲರೂ ನೋಡುತ್ತ ನಿಂತೆವು. ಕೂಸು ಅಳತೊಡಗಿತು. ಒಬ್ಬಿಬ್ಬರು ಮುಸಿಮುಸಿ ನಕ್ಕರು. ನನಗೆ ಅಳು ಬರುವ ಹಾಗಾಯಿತು.

“ಒಲಿ ಮ್ಯಾಲ ಅನ್ನ ಐತ್ರಿ, ಹೊತ್ತಿಹೋಗ್ತೈತಿ,” ಎಂದು ದೇವಮ್ಮ ಹೊರಟಳು. ನಾನು ಅವಳ ರಟ್ಟೆ ಹಿಡಿದೆ. ಕೊಸರಿಕೊಂಡು ಎರಡು ಹೆಜ್ಜೆ ಇಟ್ಟಿದ್ದಳಷ್ಟೇ. ಗುಡಿಸಲು ವಾಲಲಿಲ್ಲ, ಮುರಿಯಲಿಲ್ಲ. ನಿಂತ ಹಾಗೇ ಕೆಳಗೆ ಇಳಿದುಹೋಯಿತು. ಒಲೆ, ಅನ್ನದ ಪಾತ್ರೆ, ಟ್ರಂಕು, ಕೂಸಿನ ಜೋಲಿ, ಎಲ್ಲ. ಆಮೇಲೆ ಎಲ್ಲೋ ಆಳದಲ್ಲಿ ನೀರಿನ ಸದ್ದು. ಹೆಂಗಸರು ಬಾಯಿ ಬಡಿದುಕೊಂಡರು. ಮಣ್ಣು ಕುಸಿದ ಕಡೆ ಕಲ್ಲು ಕಟ್ಟಿದ ದುಂಡು ಬಾಯಿ ಕಂಡಿತು, ಒಳಗೆ ಸುತ್ತಿ ಇಳಿಯುವ ಮೆಟ್ಟಿಲು.

ಆಫೀಸಿಗೆ ಮರಳಿದಾಗ ರಾಯರು ಬರಿಗಾಲಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದರು. ನಡೆದದ್ದೆಲ್ಲ ಹೇಳಿದೆ. ಪರದೆಯ ಮೇಲೆ ಕಟ್ಟಡ ಹಾಗೇ ಇತ್ತು, ಕೊಳವೆ ಇರಲಿಲ್ಲ. ಮಣ್ಣಿನ ಲೆಕ್ಕವೂ ಸರಿಯಾಗಿತ್ತು. ಇದ್ದಬದ್ದ ಫ್ಲಾಪಿಗಳನ್ನೆಲ್ಲ ಹಾಕಿ ನೋಡಿದೆವು. ಎಲ್ಲೂ ಇಲ್ಲ. “ಯಾವ ಕಾಲದಲ್ಲೋ ಚಪ್ಪಡಿ ಹಾಕಿ ಮುಚ್ಚಿದ ಬಾವಿ. ಯಾರೋ ಹೇಳಿದ್ದು ನಿನ್ನ ತಲೆಯಲ್ಲಿ ಉಳಿದಿತ್ತು, ಅಷ್ಟೇ ಮಾರಾಯ್ತಿ,” ಎಂದರು ರಾಯರು. ಇರಬಹುದು. ಆದರೆ ಲೆಕ್ಕ ಹೆಚ್ಚು ಬಂದದ್ದನ್ನು ನೋಡಿ ನಕ್ಕವರು ಅವರೇ.

ದೇವಮ್ಮ ಮಾತ್ರ ಅಂದಿನಿಂದ ನನ್ನ ಮುಖ ನೋಡಲಿಲ್ಲ. ಬಾವಿ ಇರುವುದು ಗೊತ್ತಿದ್ದೂ ಆಫೀಸಿನವರು ನಮ್ಮನ್ನು ಅದರ ಮೇಲೆ ಕೂರಿಸಿದರು ಎಂದು ಗುಡಿಸಲುಗಳಲ್ಲೆಲ್ಲ ಮಾತಾಗಿತ್ತು. ನನಗೆ ಸಂಕಟ ತಡೆಯಲಾಗಲಿಲ್ಲ. ನಕ್ಷೆಯ ದೊಡ್ಡ ಪ್ರತಿ ತೆಗೆಸಿ ಸೈಟಿಗೆ ಒಯ್ದು, ಸಿಮೆಂಟ್ ಚೀಲಗಳ ಮೇಲೆ ಹರಡಿದೆ. “ನೀನೇ ನೋಡು ದೇವಮ್ಮ. ಇಲ್ಲಿ ಬಾವಿ ಇಲ್ಲ. ನಮಗ್ಯಾರಿಗೂ ಗೊತ್ತಿರಲಿಲ್ಲ.”

ಅವಳು ತನ್ನ ಗುಡಿಸಲಿದ್ದ ಮೂಲೆಯನ್ನು ಹುಡುಕಿ, ಅಲ್ಲಿ ಬೆರಳಿಟ್ಟಳು. ಖಾಲಿ ಕಾಗದ.

“ಅವತ್ತ ಐತಿ ಅಂದ್ರಿ, ಇವತ್ತ ಇಲ್ಲ ಅಂತೀರಿ. ಅಳಿಸೀರೇನ್ರಿ ಅಕ್ಕಾರ?”

ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ಅಳಿಸಿದ್ದು ನಿಜವಾಗಿತ್ತು, ಒಂದಲ್ಲ ಎರಡು ಸಲ, ನನ್ನ ಕೈಯಾರೆ. ನಾನು ಬರೆಯದೇ ಇದ್ದ ಬಾವಿಯನ್ನು ನಾನೇ ಅಳಿಸಿದೆ ಎಂದು ಅವಳಿಗೆ ಹೇಗೆ ಹೇಳಬೇಕೋ ನನಗೆ ಇಂದಿಗೂ ತಿಳಿದಿಲ್ಲ. ಅವಳು ಕೂಸನ್ನು ಸೊಂಟಕ್ಕೇರಿಸಿಕೊಂಡು ಎದ್ದು ಹೋದಳು.