ಕಂಬಳಿ ಹೊದ್ದ ಕರಬೂಜ

ಹಣ್ಣಿನ ರಸವನ್ನು ಡಬ್ಬಕ್ಕೆ ತುಂಬುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಮೂಗಿನಕ್ಕ ಅಂತಲೇ ಕರೆಯುತ್ತಿದ್ದರು. ಮೂಗು ಉದ್ದ ಅಂತಲ್ಲ. ಇದ್ದದ್ದೇ ಒಂದು ಚಿಟಿಕೆ, ಆದರೆ ಅದು ಮಾಡುವ ಕೆಲಸ ದೊಡ್ಡದು. ಬೇಸಿಗೆಯಲ್ಲಿ ಕರಬೂಜದ ಲಾರಿ ಬಂದು ನಿಂತರೆ ಪ್ರತಿ ಹಣ್ಣೂ ಅವಳ ಮೇಜು ದಾಟಿಯೇ ಒಳಗೆ ಹೋಗಬೇಕು. ಒಂದೊಂದನ್ನೂ ಎತ್ತಿ, ತೊಟ್ಟು ಕಳಚಿದ ಜಾಗಕ್ಕೆ ಮೂಗು ತಾಗಿಸಿ "ಇವತ್ತು", "ನಾಳೆ", "ನಿನ್ನೆ" ಅನ್ನುವಳು. ಇವತ್ತು ಅಂದರೆ ಈಗಲೇ ಕತ್ತರಿಸಿ. ನಾಳೆ ಅಂದರೆ ಇನ್ನೂ ಕಾಯಲಿ. ನಿನ್ನೆ ಅಂದರೆ ಹೊತ್ತು ಮೀರಿತು, ಎಸೆಯಿರಿ. ಹನ್ನೊಂದು ಬೇಸಿಗೆ ಅವಳ ಮಾತಿಗೆ ಎದುರು ಮಾತಿರಲಿಲ್ಲ.

ಆ ಮೂಗು ಸತ್ತು ಎರಡು ತಿಂಗಳಾಗಿತ್ತು. ಲಾರಿಗಳು ಶುರುವಾಗುವ ಮುಂಚೆ ಒಂದು ಜ್ವರ ಬಂತು, ಹೋಯಿತು, ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಮೊದಲ ದಿನ ಮೊದಲ ಹಣ್ಣಿಗೆ ಮೂಗಿಟ್ಟರೆ ಗೋಡೆಗೆ ಮೂಗಿಟ್ಟ ಹಾಗಿತ್ತು.

ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಇಡೀ ಕಾರ್ಖಾನೆಯಲ್ಲಿ ಕೂತು ಮಾಡುವ ಕೆಲಸ ಅಂದರೆ ಅದೊಂದೇ. ಉಳಿದವರೆಲ್ಲ ಕಾಲು ನೆನೆಸಿಕೊಂಡು ತೊಟ್ಟಿಯ ಮುಂದೆ ನಿಂತು ಹಣ್ಣು ತೊಳೆಯಬೇಕು. ಅವಳ ಮಂಡಿಗಳೋ, ಹತ್ತು ಮೆಟ್ಟಿಲು ಹತ್ತಿದರೆ ಬಾಯಿ ಬಿಟ್ಟು ಅಳುವಂಥವು. ಆ ಕುರ್ಚಿ ಹೋದರೆ ಕೆಲಸವೂ ಹೋದ ಹಾಗೇ.

ಹಾಗಾಗಿ ಒಂದು ಉಪಾಯ ಹೂಡಿದಳು. ಗಂಡನ ತಂಗಿ, ಪಕ್ಕದ ಮನೆಯಲ್ಲೇ ಇದ್ದವಳು, ತೊಟ್ಟಿಯ ಹತ್ತಿರ ಕೆಲಸ ಮಾಡುತ್ತಿದ್ದಳು. ಅವಳನ್ನು ಮೇಜಿನ ಪಕ್ಕ ನಿಲ್ಲಿಸಿಕೊಂಡು, "ಬಾರೇ, ನೀನೂ ಕಲಿ. ಇದು ಹೇಗಿದೆ ಹೇಳು ನೋಡೋಣ" ಅನ್ನುವಳು. ನಾದಿನಿ ಮೂಸಿ "ಇವತ್ತು" ಅಂದರೆ, ಮೂಗಿನಕ್ಕ ತಾನೂ ಮೂಸಿದ ಹಾಗೆ ಮಾಡಿ, "ಹೂಂ, ಪರವಾಗಿಲ್ಲ" ಅನ್ನುವಳು. "ನಮ್ಮತ್ತಿಗೆ ನನಗೆ ವಿದ್ಯೆ ಕಲಿಸ್ತಿದ್ದಾರೆ" ಅಂತ ನಾದಿನಿ ಊರೆಲ್ಲ ಹೇಳಿಕೊಂಡು ಬಂದಳು. ಅದನ್ನು ಕೇಳಿದಾಗಲೆಲ್ಲ ಮೂಗಿನಕ್ಕ ಮಾತು ಬದಲಿಸುತ್ತಿದ್ದಳು.

ಹೀಗೇ ಸುಗ್ಗಿ ದಾಟಿಸಬಹುದಿತ್ತೋ ಏನೋ. ಆದರೆ ಕರಬೂಜದ ಊಟ ಅಂತ ಒಂದಿತ್ತಲ್ಲ! ಕೊನೆಯ ಲಾರಿ ಬಂದ ವಾರ, ಮೇಜಿಗೆ ಕೂರುವವಳು ತನ್ನ ಮನೆಯ ಅಂಗಳದಲ್ಲಿ ಎಲ್ಲರಿಗೂ ಸಂಜೆ ಊಟ ಹಾಕಬೇಕು. ಪಲ್ಯದಿಂದ ಹಿಡಿದು ಪಾನಕದ ತನಕ ಎಲ್ಲ ಕರಬೂಜದ್ದೇ. ಊಟಕ್ಕೆ ಮುಂಚೆ ಎಲ್ಲರೆದುರು ಒಂದು ಹಣ್ಣು ಎತ್ತಿ, ಮೂಸಿ, "ಇವತ್ತು" ಅಂತ ಕೂಗಿ ಕತ್ತರಿಸಬೇಕು. ಮೊದಲ ಹೋಳು ಎಲ್ಲರಿಗಿಂತ ಹಿರಿಯರಿಗೆ.

ಎರಡು ದಿನ ಮುಂಚೆ ಇಪ್ಪತ್ತು ಹಣ್ಣು ಮನೆಗೆ ಬಂದವು. ಹೆಬ್ಬೆರಳಲ್ಲಿ ಒತ್ತಿ ನೋಡಿದರೆ ಇನ್ನೂ ಗಟ್ಟಿ. ಬಿಸಿಲಿನ ಕಾಲದಲ್ಲೂ ಆ ಎರಡು ದಿನ ಮೋಡ ಕವಿದು ತಣ್ಣಗಾಗಿಬಿಟ್ಟಿತ್ತು. ಬೆಚ್ಚಗಿದ್ದರೆ ಮೆತ್ತಗಾದಾವು ಅಂತ ಟ್ರಂಕಿನಿಂದ ನಾಲ್ಕು ಉಣ್ಣೆ ಕಂಬಳಿ ತೆಗೆದು, ಹಿಂದಿನ ಕೋಣೆಯಲ್ಲಿ ಹಣ್ಣುಗಳಿಗೆ ಹೊದಿಸಿ, ಮಕ್ಕಳನ್ನು ಮಲಗಿಸಿದ ಹಾಗೆ ಅಂಚು ಸಿಕ್ಕಿಸಿ ಬಾಗಿಲು ಹಾಕಿದಳು.

ಊಟದ ದಿನ ಬೆಳಕು ಹರಿಯುವ ಮುಂಚೆಯೇ ಎದ್ದಳು. ಅಂಗಳ ಗುಡಿಸಿ ನೀರು ಚಿಮುಕಿಸಿದಳು. ಅದು ಸಾಲದು ಅನ್ನಿಸಿ ಮತ್ತೆ ಗುಡಿಸಿದಳು. ಬೇರೆ ತಂದಿಟ್ಟಿದ್ದ ಕಾಯಿ ಕರಬೂಜ ಹೆಚ್ಚಿ ಪಲ್ಯಕ್ಕಿಟ್ಟಳು. ಬೀಜ ಹುರಿದಳು. ಕಂಬಳಿಯ ಕೆಳಗಿನಿಂದ ಎರಡು ಹಣ್ಣು ತೆಗೆದು ಹೆಚ್ಚಿ ಹಾಲಿನ ಪಾತ್ರೆಗೆ ಹಾಕಿದಳು. ಗಂಡ ಬೆಂಚುಗಳನ್ನು ಎಳೆದು ತರುತ್ತಿದ್ದ.

"ರೀ, ಬೆಂಚು ಅಲುಗಾಡುತ್ತೆ" ಅಂದಳು, ಅದರ ತುದಿ ಹಿಡಿದು.

"ಬೆಂಚಲ್ಲ ಕಣೇ ಅಲುಗಾಡ್ತಿರೋದು, ನೀನು. ನೀನು ಬಿಟ್ಟರೆ ಅದೂ ನಿಲ್ಲುತ್ತೆ."

ಸಂಜೆ ಐದಕ್ಕೆ ತಟ್ಟೆಗಳ ಅಟ್ಟಿ ಹೊತ್ತು ನಾದಿನಿ ಬಂದಳು. ಹಣ್ಣು ತರುತ್ತೇನೆ ಅಂತ ಹಿಂದಿನ ಕೋಣೆಯ ಬಾಗಿಲು ತೆಗೆದವಳು, ಹೊಸ್ತಿಲಲ್ಲೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಅತ್ತಿಗೆ! ಇದೇನಿದು ನುಸಿಗುಳಿಗೆ ವಾಸನೆ? ಹಣ್ಣೋ, ಹಳೇ ಬಟ್ಟೆಯೋ?"

ಉಣ್ಣೆಗೆ ನುಸಿ ಹಿಡಿಯದಿರಲಿ ಅಂತ ಟ್ರಂಕಿನ ಮೂಲೆಯಲ್ಲಿ ಬಿಳಿ ಗುಳಿಗೆಗಳನ್ನು ಹಾಕಿಟ್ಟವಳು ಮೂಗಿನಕ್ಕನೇ. ಕಂಬಳಿಯೊಳಗೆ ವರ್ಷವೆಲ್ಲ ಇಳಿದ ವಾಸನೆ ಎರಡು ದಿನದಲ್ಲಿ ಹಣ್ಣಿಗೂ ಇಳಿದಿತ್ತು. ನಾದಿನಿ ಒಂದು ಹಣ್ಣೆತ್ತಿ ಮೂಸಿದಳು, ಇನ್ನೊಂದು ಮೂಸಿದಳು, ಆಮೇಲೆ ನಿಧಾನವಾಗಿ ಅತ್ತಿಗೆಯ ಮುಖ ನೋಡಿದಳು.

"ಎರಡು ದಿನ ಇದೇ ಮನೇಲಿದ್ದೀರಿ. ನಿಮಗೆ ಗೊತ್ತಾಗಲಿಲ್ವಾ?"

ಮೂಗಿನಕ್ಕ ಕಂಬಳಿಯೊಂದನ್ನು ಎಳೆದು ಮಡಿಸತೊಡಗಿದಳು.

"ನಿಮಗೆ ವಾಸನೆ ಬರಲ್ಲ." ಅವಳು ಕೇಳಲಿಲ್ಲ, ಹೇಳಿದಳು. "ಹಾಗಾದ್ರೆ ಕಲಿ ಕಲಿ ಅಂತ ನಿಲ್ಲಿಸ್ಕೊಂಡಿದ್ದು? ಎರಡು ತಿಂಗಳು ನನ್ನ ಮೂಗನ್ನ ಬಾಡಿಗೆ ಕೊಡದೆ ಇಟ್ಕೊಂಡಿದ್ರಿ. ನಾನು ಪೆದ್ದಿ, ಊರೆಲ್ಲ ಡಂಗುರ ಹೊಡೆದೆ."

"ಮೆಲ್ಲಗೆ ಕಣೇ, ನಿನ್ನ ದಮ್ಮಯ್ಯ. ಕುರ್ಚಿ ಹೋದರೆ ನಾನು..."

"ನಿಮ್ಮ ಕುರ್ಚಿ! ಅದರ ಪಕ್ಕ ಎರಡು ತಿಂಗಳು ನಿಂತಿದ್ದು ಯಾರು?" ನಾದಿನಿ ಹಣ್ಣನ್ನು ಕೆಳಗಿಟ್ಟು ಸರಸರನೆ ಹೊರಗೆ ಹೋದಳು.

ಹೇಳಿಬಿಡುತ್ತಾಳೋ? ಹೇಳದೆ ಇರುತ್ತಾಳೋ? ಮೂಗಿನಕ್ಕ ಓಡಿ ನೀರು ತಂದಳು. ಹಣ್ಣುಗಳನ್ನು ಬಕೆಟ್ಟಿಗೆ ಹಾಕಿ ಉಪ್ಪಿನಲ್ಲಿ ಉಜ್ಜಿದಳು, ನಿಂಬೆಹೋಳಿನಲ್ಲಿ ತಿಕ್ಕಿದಳು. ವಾಸನೆ ಹೋಯಿತೋ ಇಲ್ಲವೋ, ಗೊತ್ತಾದರೆ ತಾನೇ! ಗಂಡನನ್ನು ಕರೆದು ಮೂಗಿನ ಕೆಳಗೆ ಹಿಡಿದಳು.

"ಹೋಗಿದೆ ಅನ್ಸುತ್ತೆ" ಅಂದ. ಮತ್ತೊಂದು ಸಲ ಮೂಸಿ, "ಇಲ್ಲ, ಇದೆ ಅನ್ಸುತ್ತೆ."

"ಮೊನ್ನೆಯಿಂದ ಇದ್ದೀರಲ್ಲ, ಒಂದು ಮಾತು ಹೇಳಬಾರದಿತ್ತಾ?"

"ಕಂಬಳಿ ಅಂದ್ಮೇಲೆ ಕಂಬಳಿ ವಾಸನೆ ಇರುತ್ತೆ ಅಂದ್ಕೊಂಡೆ. ಮೂಗಿನ ವಿಷಯದಲ್ಲಿ ನಿನಗೆ ನಾನು ಹೇಳೋದಾ?"

ಅಷ್ಟರಲ್ಲಿ ಅಂಗಳ ತುಂಬತೊಡಗಿತು. ತೊಟ್ಟಿಯ ಹೆಂಗಸರು ಬಂದರು. ಮೇಲ್ವಿಚಾರಕಿ ಬಂದಳು, ಎಲ್ಲರೂ ಮೇಡಂ ಅನ್ನುತ್ತಿದ್ದವಳು. ದಪ್ಪ ಕನ್ನಡಕದ ಹಳೇ ಕಾವಲುಗಾರ ಸೋಡಾಬುಡ್ಡಿ ಬಂದವನೇ, "ಮೊದಲ ಹೋಳು ನಂದು, ಮರೀಬೇಡಿ. ಬೆಳಗಿನಿಂದ ಹೊಟ್ಟೆ ಖಾಲಿ ಇಟ್ಕೊಂಡಿದ್ದೀನಿ" ಅಂದ. ನಾದಿನಿಯೂ ಬಂದಳು. ಬೇಲಿಯ ಹತ್ತಿರ ಕೈಕಟ್ಟಿ ನಿಂತಳು.

"ಶುರು ಮಾಡಮ್ಮ" ಅಂದಳು ಮೇಡಂ.

ಮೂಗಿನಕ್ಕ ಇದ್ದುದರಲ್ಲಿ ಚೆಂದದ ಹಣ್ಣೊಂದನ್ನು ಎತ್ತಿದಳು. ಮೂಗಿಗೆ ತಾಗಿಸಿದಳು. ಎಲ್ಲರ ಕಣ್ಣೂ ಅವಳ ಮೇಲೆ. ಅಭ್ಯಾಸಬಲ, ಅವಳ ಕಣ್ಣು ತಾನಾಗಿ ನಾದಿನಿಯ ಮುಖ ಹುಡುಕಿತು. ನಾದಿನಿ ಮುಖ ತಿರುಗಿಸಿದಳು.

"ಇವತ್ತು" ಅನ್ನುವುದು ಮೂರಕ್ಷರ. ಅಂದುಬಿಟ್ಟರೆ ಹಣ್ಣು ಕತ್ತರಿಸಬೇಕು, ಕತ್ತರಿಸಿದರೆ ಆ ಮುದುಕ ಬಾಯಿಗಿಡುತ್ತಾನೆ. ಅವನು ಖಾಲಿ ಹೊಟ್ಟೆ ಸವರಿಕೊಳ್ಳುತ್ತ ಕೂತಿದ್ದ.

"ನನಗೆ ಗೊತ್ತಾಗ್ತಿಲ್ಲ" ಅಂದಳು ಮೂಗಿನಕ್ಕ.

"ಏನಂದ್ಲು?" ಅಂದ ಸೋಡಾಬುಡ್ಡಿ.

"ನನಗೆ ವಾಸನೆ ಬರಲ್ಲ. ಜ್ವರ ಬಂದ ಮೇಲಿಂದ. ಇದನ್ನ ತಿನ್ನಬೇಡಿ, ನುಸಿಗುಳಿಗೆ ಹಾಕಿದ್ದ ಕಂಬಳೀಲಿ ಇಟ್ಟುಬಿಟ್ಟೆ."

ಮೇಡಂ ಎದ್ದು ಬಂದು ಹಣ್ಣು ತೆಗೆದುಕೊಂಡು ಮೂಸಿ, ಮುಖ ಸಿಂಡರಿಸಿ ಕೆಳಗಿಟ್ಟಳು.

"ಎರಡು ತಿಂಗಳಲ್ಲಿ ಒಂದು ಡಬ್ಬ ವಾಪಸ್ಸು ಬಂದಿಲ್ಲ. ಹಾಗಾದ್ರೆ ಹಣ್ಣು ಆರಿಸಿದ್ದು ಯಾರು?"

ಮೂಗಿನಕ್ಕ ಬೇಲಿಯ ಕಡೆ ಕೈ ತೋರಿಸಿದಳು. "ಅವಳು. ಒಂದೊಂದೂ ಅವಳೇ. ನಾನು ಕಲಿಸ್ತೀನಿ ಅಂತ ಸುಳ್ಳು ಹೇಳಿ ಕೇಳಿ ತಿಳ್ಕೋತಿದ್ದೆ. ಅವಳಿಗೆ ಇದು ಗೊತ್ತಾಗಿದ್ದೇ ಇವತ್ತು."

ಮೇಡಂ ಬೇಲಿಯ ಕಡೆ ತಿರುಗಿ ನಾದಿನಿಗೆ ಅಂದಳು: "ಸೋಮವಾರದಿಂದ ಮಾವಿನ ಲಾರಿ ಶುರು. ಮೇಜಿಗೆ ನೀನು ಕೂತ್ಕೋ." ಆಮೇಲೆ ಈ ಕಡೆ ತಿರುಗಿ, "ನೀನು ತೊಟ್ಟಿಗೆ. ನಿಲ್ಲೋಕೆ ಆಗುತ್ತಾ?"

"ನೋಡ್ತೀನಿ ಮೇಡಂ." ಆಗುತ್ತದೆ ಅನ್ನುವ ಧೈರ್ಯ ಅವಳಿಗಿರಲಿಲ್ಲ. ಆಗುವುದಿಲ್ಲ ಅನ್ನಲೂ ಬಾಯಿ ಬರಲಿಲ್ಲ.

"ನೋಡು. ಆಗದಿದ್ರೆ ಬಂದು ಹೇಳು. ಸುಳ್ಳು ಮಾತ್ರ ಬೇಡ."

"ಹಣ್ಣಿಲ್ಲ ಅಂದ್ರೆ ಊಟವೂ ಇಲ್ವಾ?" ಸೋಡಾಬುಡ್ಡಿ ಕೇಳಿದ. ಯಾರೋ ನಕ್ಕರು. ತಟ್ಟೆಗಳು ಸರಿದಾಡಿದವು. ನಾದಿನಿ ಒಳಗೆ ಹೋಗಿ, ಹಾಲಿನ ಪಾತ್ರೆ ಮೂಸಿ, ಹಾಗೇ ಎತ್ತಿಕೊಂಡು ಹೋಗಿ ಬೇಲಿಯಾಚೆ ಸುರಿದು ಬಂದಳು. ಬಂದವಳು ಅಂಗಳದ ಒಲೆಯ ಕಡೆ ತಿರುಗಿ ನಿಂತಳು.

"ಅತ್ತಿಗೆ, ಬಿಸಿಗಿಟ್ಟ ಪಲ್ಯ ತಳ ಹಿಡೀತಿದೆ." ದನಿ ಇನ್ನೂ ಬಿಗಿಯಾಗಿತ್ತು. "ಇಳಿಸಿ ಬೇಗ."

ಮೂಗಿನಕ್ಕ ಓಡಿ ಹೋಗಿ ಬಟ್ಟೆ ಹಿಡಿದು ಪಾತ್ರೆ ಇಳಿಸಿದಳು. ಸೌಟಿನಿಂದ ಮೇಲಿನ ಪಲ್ಯವನ್ನು ಮೆಲ್ಲಗೆ ಬೇರೆ ಪಾತ್ರೆಗೆ ಹಾಕಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ಯಾವ ನೆಪವೂ ಇಲ್ಲದೆ ಕೇಳಿದಳು:

"ಇನ್ನೂ ಸೀದ ವಾಸನೆ ಬರ್ತಿದ್ಯೇನೇ?"

ನಾದಿನಿ ಬಗ್ಗಿ ಮೂಸಿದಳು. "ಇಲ್ಲ. ಬಡಿಸಿ."