ಪಕ್ಕದೂರಿನ ದವಾಖಾನೆ

ಸುಟ್ಟ ಮೋಟಾರಿಗಾಗಿ ಯಾರೂ ನಾಚುವುದಿಲ್ಲ. ಬಾವಿಯ ಮೋಟಾರು ಸುಟ್ಟರೆ ಅದನ್ನು ಬೈಕಿನ ಹಿಂದೆ ಕಟ್ಟಿಕೊಂಡು, ನಮ್ಮೂರು ಇಂಡಿಯ ಬಜಾರಿನ ನಟ್ಟನಡುವೆ ಹಾಯ್ದು, ನನ್ನ ಅಂಗಡಿಯ ಮುಂದೆ ಧೊಪ್ಪೆಂದು ಇಳಿಸುತ್ತಾರೆ. "ಸುಟ್ಟೈತಿ ನೋಡಪಾ" ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳುತ್ತಾರೆ. ಆರನೇ ಇಯತ್ತೆಗೆ ಶಾಲೆ ಬಿಟ್ಟು ಈ ಮೋಟಾರು ರಿಪೇರಿಗೆ ನಿಂತವನು ನಾನು. ನಾನು ತಾಮ್ರದ ತಂತಿಯಲ್ಲಿ ಸುತ್ತಿದ ಕಾಯಿಲ್ ಸುಟ್ಟು ಮರಳಿ ಬಂದದ್ದು ಕಡಿಮೆ. ಹೀಗೆ ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಸಂಕೋಚವೆಲ್ಲ ಮನುಷ್ಯ ಕೆಟ್ಟಾಗ.

ಮನುಷ್ಯ ಎಂದರೆ ನನ್ನ ತಮ್ಮ ಮಲ್ಲು. ನನ್ನ ಅಂಗಡಿಯಲ್ಲೇ ಕೆಲಸ ಮಾಡುವವನು. ಕುಡಿತ ಹೆಚ್ಚಾಗಿ, ತಾಮ್ರದ ತಂತಿ ಹಿಡಿದರೆ ಬೆರಳು ನಡುಗುವ ಮಟ್ಟಕ್ಕೆ ಬಂದಿದ್ದ. ಅವನ ಹೆಂಡತಿ ಮಗಳನ್ನು ಕರೆದುಕೊಂಡು ಹೂವಿನ ಹಿಪ್ಪರಗಿಯ ತವರಿಗೆ ಹೊರಟಾಗ ನನ್ನ ಕಡೆ ತಿರುಗಿ, "ಊರ ಮೋಟಾರೆಲ್ಲಾ ರಿಪೇರಿ ಮಾಡ್ತೀರಿ ಭಾವಾರ, ಇವರನ್ನ ಯಾವಾಗ ಮಾಡ್ತೀರಿ?" ಎಂದಳು.

ಅವತ್ತಿನಿಂದ ಅವನ ಕುಡಿತ ಬಿಡಿಸುವ ದಾರಿ ಹುಡುಕತೊಡಗಿದೆ. ಒಬ್ಬರು ಸಾರಿನಲ್ಲಿ ಗುಟ್ಟಾಗಿ ಬೆರೆಸುವ ಪುಡಿಯ ವಿಷಯ ಹೇಳಿದರು. ತಮ್ಮನಿಗೆ ಮೋಸದಿಂದ ಉಣಿಸಲು ಮನಸ್ಸು ಬರಲಿಲ್ಲ. ದೂರದ ಒಂದು ಕೇಂದ್ರಕ್ಕೆ ಫೋನು ಮಾಡಿ ದರ ಕೇಳಿದರೆ, ಅಷ್ಟು ರೊಕ್ಕದಲ್ಲಿ ಹೊಸ ಮೋಟಾರು, ಪೈಪು ಬಂದು, ಬಾವಿಯನ್ನೂ ತೋಡಿಸಬಹುದಿತ್ತು. ಕೊನೆಗೆ ನಮ್ಮ ಓಣಿಯ ಆಶಾ ಕಾರ್ಯಕರ್ತೆಯೇ, "ತಾಲೂಕು ದವಾಖಾನಿಗೆ ವಾರಕ್ಕೊಮ್ಮಿ ಮನಸ್ಸಿನ ಡಾಕ್ಟರು ಬರ್ತಾರ್ರಿ. ಕುಂದ್ರಿಸಿ ಮಾತಾಡಸ್ತಾರ, ಗುಳಗಿ ಕೊಡ್ತಾರ. ರೊಕ್ಕ ಕೇಳೂದಿಲ್ಲ" ಎಂದಳು.

ಪುಕ್ಕಟೆ ಎಂದರೆ ನನಗೆ ಮೊದಲಿನಿಂದಲೂ ಗುಮಾನಿ. ಆದರೂ ಒಪ್ಪಿದೆ. ಇಂಡಿಯಲ್ಲಿ ಮಾತ್ರ ಬೇಡ, ಗುರುತಿನವರು ನೋಡಿದರೆ ಅಂಗಡಿಯ ಮರ್ಯಾದೆ ಏನಾಗಬೇಕು? ಮಲ್ಲುವೂ ನಾನೂ ಪಕ್ಕದ ತಾಲೂಕಾದ ಸಿಂದಗಿಯ ಬಸ್ಸು ಹತ್ತಿದೆವು.

ಸಿಂದಗಿಯ ದವಾಖಾನೆಯ ಬಾಕಿನ ಮೇಲೆ ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಕುಳಿತಿದ್ದವರು, ಇಂಡಿಯಲ್ಲಿ ನಮ್ಮ ಹಿಂದಿನ ಓಣಿಯ ಕಿರಾಣಿ ಅಂಗಡಿಯ ಬಸಣ್ಣ.

"ಮೊಣಕಾಲ ನೋವು" ಎಂದರು, ನಾನು ಕೇಳುವ ಮೊದಲೇ.

"ನಂದೂ ಮೊಣಕಾಲ್ರಿ" ಎಂದೆ.

ಅಷ್ಟರಲ್ಲಿ ನರ್ಸು ಹೊರಗೆ ಬಂದು, "ಕುಡಿತಾ ಬಿಡಸಾಕ ಬಂದಾವ್ರು ಒಳಗ ಬರ್ರಿ" ಎಂದಳು. ಇಬ್ಬರ ಮೊಣಕಾಲೂ ಒಮ್ಮೆಲೇ ನೆಟ್ಟಗಾದವು.

ಒಳಗೆ ಆಪ್ತ ಸಲಹೆಗಾರ್ತಿ ಶಬಾನಾ ಮೇಡಂ ನಮ್ಮ ಊರು ಕೇಳಿ ನಕ್ಕರು. "ಇಂಡಿ ಮಂದಿ ಇಲ್ಲಿ ಬರ್ತೀರಿ. ಸಿಂದಗಿಯವರು ಮುದ್ದೇಬಿಹಾಳಕ್ಕ ಹೋಗ್ತಾರ. ಮುದ್ದೇಬಿಹಾಳದವರು ಬಾಗೇವಾಡಿಗೆ."

"ಬಾಗೇವಾಡಿಯವರು?" ಎಂದು ಕೇಳಿದೆ.

"ಇಂಡಿಗೇ ಹೋಗ್ತಿರಬೇಕು ತಗೋರಿ."

ಆಮೇಲೆ ಅವರು ಮಲ್ಲುವಿಗೆ ಕೇಳಿದ್ದಕ್ಕೆಲ್ಲ ನಾನೇ ಉತ್ತರ ಕೊಡತೊಡಗಿದೆ. "ಅಣ್ಣಾರ, ಕುಡಿಯಾವ್ರು ನೀವಲ್ಲಲ್ಲ, ಸ್ವಲ್ಪ ಹೊರಗ ಕುಂದರ್ರಿ" ಎಂದರು. ನನ್ನನ್ನು ಹೀಗೆ ಎಬ್ಬಿಸಿ ಕಳಿಸಿದವರು ಶಾಲೆಯ ಮಾಸ್ತರರನ್ನು ಬಿಟ್ಟರೆ ಇವರೇ. ಬಹಳ ಹೊತ್ತಿನ ಮೇಲೆ ಮಲ್ಲು ಹೊರಗೆ ಬಂದ. ಕಣ್ಣು ಕೆಂಪಾಗಿದ್ದವು, ಕುಡಿದ ಕೆಂಪಲ್ಲ. "ಅಣ್ಣಾ, ಅವರು ಬೈಲಿಲ್ಲ" ಎಂದ.

ಸುಟ್ಟ ಮೋಟಾರನ್ನು ನಾನೂ ಯಾವತ್ತೂ ಬೈದಿಲ್ಲ. ಬಿಚ್ಚಿ, ಎಲ್ಲಿ ಸುಟ್ಟಿದೆ ಎಂದು ನೋಡುತ್ತೇನೆ. ಈ ರೀತಿ ತಮ್ಮನಿಗೂ ಸಲ್ಲುತ್ತದೆ ಎಂದು ಹೊಳೆಯಲು ಸಿಂದಗಿಗೆ ಹೋಗಬೇಕಾಯಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವನೇ, "ಮುಂದಿನ ವಾರ ನಮ್ಮೂರಾಗೇ ಹೋಗೂಣಣ್ಣಾ. ಈ ದಾರ್ಯಾಗ ಸೆರೆ ಅಂಗಡಿ ಬಾಳ ಅದಾವ" ಎಂದ. ನನ್ನ ಮರ್ಯಾದೆಯ ಲೆಕ್ಕದಲ್ಲಿ ಆ ಸಾರಾಯಿ ಅಂಗಡಿಗಳು ಬಂದೇ ಇರಲಿಲ್ಲ.

ಈಗ ಇಂಡಿಯ ದವಾಖಾನೆಗೇ ಹೋಗುತ್ತೇವೆ. ನಡುವೆ ಒಮ್ಮೆ ಕುಡಿತಕ್ಕೆ ಜಾರಿದ. ಇಲ್ಲಿಯವರೂ ಬೈಯಲಿಲ್ಲ, ನಾನೂ ಬೈಯಲಿಲ್ಲ; ಮತ್ತೆ ಹೋಗಿ ಡಾಕ್ಟರ ಮುಂದೆ ಕುಳಿತ. ಬೆರಳಿನ ನಡುಕ ತಗ್ಗಿದೆ, ಸಣ್ಣ ಮೋಟಾರುಗಳನ್ನು ಅವನೇ ಸುತ್ತುತ್ತಾನೆ. ಹೆಂಡತಿ ಇನ್ನೂ ತವರಿನಲ್ಲೇ ಇದ್ದಾಳೆ. ಆದರೆ ಫೋನನ್ನು ಈಗ ತಾನಾಗಿ ಮಾಡುತ್ತಾಳೆ, ಮಗಳ ಕೈಗೂ ಕೊಡುತ್ತಾಳೆ.

ಮೊನ್ನೆ ನಾವು ಬಾಕಿನ ಮೇಲೆ ಕುಳಿತಾಗ, ಮುಖಕ್ಕೆ ಟವೆಲ್ ಸುತ್ತಿಕೊಂಡ ಒಬ್ಬರು ಬಂದು ಅತ್ತಿತ್ತ ನೋಡಿದರು.

"ಹಲ್ಲಿನ ಡಾಕ್ಟರ್ ಎಲ್ಲಿರಿ?"

"ಹಲ್ಲಿಂದು ಆ ಕಡೆ ಐತ್ರಿ" ಎಂದ ಮಲ್ಲು, ಬಜಾರಿಗೂ ಕೇಳುವ ದನಿಯಲ್ಲಿ. "ಕುಡಿತಾ ಬಿಡಸೂದು ಇಲ್ಲಿ. ನಾ ಅದಕ್ಕ ಬಂದೀನಿ."

ಅವರು ಹಲ್ಲಿನ ಕಡೆ ಹೋಗಲಿಲ್ಲ. ಮಲ್ಲು ಸರಿದು ಜಾಗ ಮಾಡಿದ. ಕುಳಿತರು.

"ಯಾವೂರ್ರಿ?" ಎಂದೆ.

ಅವರು ಟವೆಲನ್ನು ಮೆಲ್ಲಗೆ ಗದ್ದಕ್ಕಿಳಿಸಿ, "ಬಾಗೇವಾಡಿ" ಎಂದರು.

ನನ್ನ ಮೊಣಕಾಲ ನೋವು ಅವತ್ತಿಗೆ ಪೂರ್ತಿ ವಾಸಿಯಾಯಿತು.