ಆಡಿನದೋ, ಹಸುವಿನದೋ

ಕೊಯಮತ್ತೂರಿನ ಹತ್ತಿರದ ಸೂಲೂರಿನಲ್ಲಿ ನಾನು ಬಾಡಿಗೆಗಿದ್ದ ಮನೆಯವರು ಕನ್ನಡದವರೇ. ಮುತ್ತಜ್ಜನ ಕಾಲದಿಂದ ಅಲ್ಲೇ ಮಗ್ಗ ಹಾಕಿಕೊಂಡವರು. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು, ಆ ಕನ್ನಡಕ್ಕೂ ತಮಿಳಿನದೇ ರಾಗ. ನಾನು ದಾವಣಗೆರೆ ಕಡೆಯವಳು. ಪೀಳಮೇಡಿನ ಒಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿ ಹೋಗಿದ್ದೆ. ಮೊದಲ ದಿನ ಬಾಯಿ ಬಿಟ್ಟ ಕೂಡಲೇ ಮನೆಯೊಡತಿ ನಕ್ಕುಬಿಟ್ಟರು. "ಏನ್ ಕಣ್ಣು, ರೇಡಿಯೋದಾಗೆ ವಾರ್ತೆ ಓದ್ದಂಗೆ ಮಾತಾಡ್ತೀಯಲ್ಲ!" ತಮಿಳಿನವರ ಬಾಯಲ್ಲಿ ಕಣ್ಣು ಅಂದರೆ ಮುದ್ದಿನ ಕರೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆದರೂ ಆ ಹೆಂಗಸಿನ ಮೇಲೆ ಸಿಟ್ಟು ನಿಲ್ಲುತ್ತಿರಲಿಲ್ಲ.

ಮನೆಯಲ್ಲಿ ಅವರು, ಮಗ, ಸೊಸೆ. ಹಿತ್ತಲಲ್ಲಿ ಒಂದು ಹಸು, ಒಂದು ಆಡು. ಹಸು ಅತ್ತೆಯದು, ಅದಕ್ಕೆ ಶುಕ್ರವಾರ ಅರಿಸಿನ ಕುಂಕುಮ. ಆಡು ಸೊಸೆ ಪೊಳ್ಳಾಚಿ ಕಡೆಯ ತವರಿನಿಂದ ಸೀರಾಗಿ, ಅಂದರೆ ಬಳುವಳಿಯಾಗಿ, ತಂದದ್ದು, ಅದಕ್ಕೆ ದಿನಾ ಬೈಗುಳ. "ನಿನ್ ತವರಿನ ಸೀರು ಬಂದು ನನ್ ಮಲ್ಲಿಗೆ ಗಿಡ ಮೇದು ಹೋಯ್ತು, ನೋಡು ಬಾ" ಎಂದು ಅತ್ತೆ ಕೂಗುವುದು, "ಮಲ್ಲಿಗೆ ಮೇದ್ರೆ ಹಾಲು ಘಮ್ ಅಂತದೆ ಅತ್ತೆ" ಎಂದು ಸೊಸೆ ಉತ್ತರ ಕೊಡುವುದು. ನಾನು ಬಸ್ಸಿಗೆ ಓಡುತ್ತಲೇ ಇದನ್ನು ಕೇಳಿಕೊಂಡು ನಗುತ್ತಿದ್ದೆ.

ಮದುವೆಯಾಗಿ ಎಷ್ಟೋ ವರ್ಷಕ್ಕೆ ಸೊಸೆ ಬಸುರಾದಳು. ಅತ್ತೆಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅದೇ ಸಮಯಕ್ಕೆ ಹಸುವೂ ಗಬ್ಬವಾಗಿತ್ತು. ಆದರೆ ಹಸು ದಿನ ತುಂಬದೆಯೇ ಕಂದು ಹಾಕಿತು. ಕರು ಸತ್ತೇ ಬಿತ್ತು.

ಆ ಸೀಮೆಯಲ್ಲಿ ಕರುವಿನ ಹಿಂದೆ ಬೀಳುವ ಹಸುವಿನ ಮಾಸನ್ನು ಹೂಳುವುದಿಲ್ಲ. ಹುಲ್ಲಿನಲ್ಲಿ ಸುತ್ತಿ, ಗೋಣಿಯಲ್ಲಿ ಗಂಟು ಕಟ್ಟಿ ಆಲದ ಕೊಂಬೆಗೆ ತೂಗುಹಾಕುತ್ತಾರೆ. ಆಲ ಹಾಲಿರುವ ಮರ, ಹಾಗೆಯೇ ಹಸುವಿಗೂ ಹಾಲಿಳಿಯಲಿ ಅಂತ. ಕರು ಸತ್ತಿದ್ದರಿಂದ ಹಾಲು ಬತ್ತೀತು ಎಂಬ ಭಯ ಅತ್ತೆಗೆ. ಬಸುರಿಯ ಕೈ ಮುಟ್ಟಿದರೆ ಒಳ್ಳೆಯದೆಂದು ಅವರ ಮನೆಯ ನಂಬಿಕೆ. ಮಾಸನ್ನು ತಾವೇ ಬರಿಗೈಯಲ್ಲಿ ಬಾಚಿ, ಗಂಟು ಕಟ್ಟಿ, ಸೊಸೆಯ ಸೊಂಟಕ್ಕಿಟ್ಟರಂತೆ. "ನಿಂದು ತುಂಬಿದ ಕೈ ಕಣ್ಣು, ನೀನೇ ತಗೊಂಡ್ ಹೋಗು." ಅವಳು ಹೊತ್ತು ನಡೆದಳು, ಗಂಡ ಮರ ಹತ್ತಿ ಕಟ್ಟಿದ. ಸಂಜೆ ನಾನು ಕೆಲಸದಿಂದ ಬಂದಾಗ ಅವಳು ಕಲ್ಲಿನ ಮೇಲೆ ಸೀರೆ ಒಗೆಯುತ್ತ, "ಎಲ್ಲಾ ಸೋರಿ ಬಿಡ್ತು ಅಕ್ಕ, ಥೂ" ಎಂದು ನಗುತ್ತಲೇ ಇದನ್ನೆಲ್ಲ ಹೇಳಿದಳು.

ಕೆಲವು ವಾರಗಳ ಮೇಲೆ ಅವಳಿಗೆ ಜ್ವರ ಶುರುವಾಯಿತು. ಬೆಳಿಗ್ಗೆ ಇಳಿಯುವುದು, ಸಂಜೆ ಏರುವುದು. ಸೊಂಟದಲ್ಲಿ ಸಹಿಸಲಾಗದ ನೋವು. ಮೊದಲು ಟೈಫಾಯಿಡ್ ಅಂದರು. ಆಮೇಲೆ ಕೊಯಮತ್ತೂರಿನ ಆಸ್ಪತ್ರೆಗೆ ಸೇರಿಸಿದರು. ಅಲ್ಲೇ ಗರ್ಭ ಇಳಿದುಹೋಯಿತು. ಮಗುವಿಗೆ ಕೈಕಾಲು ಬೆರಳೆಲ್ಲ ಮೂಡಿತ್ತಂತೆ. ಅದನ್ನು ಹೇಳುವಾಗ ಅವಳ ಗಂಡ ಗೋಡೆ ಕಡೆ ತಿರುಗಿಕೊಂಡ.

ರಕ್ತದಲ್ಲಿ ಪ್ರಾಣಿಗಳಿಂದ ಬರುವ ಒಂದು ಬ್ಯಾಕ್ಟೀರಿಯಾ ಸಿಕ್ಕಿದೆ, ಬ್ರುಸೆಲ್ಲಾ ಅಂತ, ಎಂದು ವೈದ್ಯರು ಹೇಳಿದರು. ಹಸುವಿನಿಂದಲೂ ಬರಬಹುದು, ಆಡಿನಿಂದಲೂ ಬರಬಹುದು ಅಂದರು. ಅತ್ತೆಗೆ ಎರಡನೆಯದಷ್ಟೇ ಕೇಳಿಸಿತು. "ನಿನ್ ಆಡೇ ನಿನ್ ಮಗೂನ ತಿಂದುಬಿಡ್ತು" ಎಂದು ಹಾಸಿಗೆಯಲ್ಲಿ ಮಲಗಿದ್ದವಳ ಮುಖದ ಮೇಲೇ ಅಂದರು. ಮುಂದಿನ ಸಂತೆಗೆ ಆಡನ್ನು ಹೊಡೆದುಕೊಂಡು ಹೋಗಿ ಮಾರಿಬಂದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಮಗು ಹೋದ ಮನೆಯಲ್ಲಿ ಬಾಡಿಗೆಯವಳು ಏನು ಜಗಳ ತೆಗೆಯುವುದು? ಸೊಸೆ ಅಳಲೂ ಇಲ್ಲ, ಎದುರಾಡಲೂ ಇಲ್ಲ. ನಾನು ಗಂಜಿ ಕೊಟ್ಟರೆ ಕುಡಿಯುತ್ತ, "ನಾನ್ ತಂದದ್ದೇ ಅಲ್ವಾ ಅಕ್ಕ ಅದು" ಅನ್ನುತ್ತಿದ್ದಳು.

ಪ್ರಾಣಿಗಳಿಗೆ ರೋಗ ತರುವ ಬ್ಯಾಕ್ಟೀರಿಯಾಗಳು ಯಾವ ಜಾತಿಯವು ಎಂದು ಅವುಗಳ ಡಿಎನ್‌ಎ ಓದಿ ವಿಂಗಡಿಸುವುದೇ ನಮ್ಮ ಪ್ರಯೋಗಾಲಯದ ಕೆಲಸ. ಹಾಗಾಗಿ ಆಸ್ಪತ್ರೆಯವರು ಅವಳ ರಕ್ತದಲ್ಲಿ ಸಿಕ್ಕಿದ್ದರ ಡಿಎನ್‌ಎಯನ್ನು ನಮ್ಮಲ್ಲಿಗೇ ಕಳಿಸಿದರು. ನನ್ನಿಂದ ಈ ಮನೆಯ ಸಂಗತಿ ಕೇಳಿದ ಮೇಲೆ ನಮ್ಮ ಮೇಲಧಿಕಾರಿ ಪಶುವೈದ್ಯರಿಂದ ಹಸುವಿನ ಹಾಲನ್ನೂ ತರಿಸಿದರು. ಕೆಲಸ ಸುಲಭವಿರಲಿಲ್ಲ. ಬ್ಯಾಕ್ಟೀರಿಯಾ ಗುರುತಿಸಲು ಎಲ್ಲರೂ ಓದುವ ಜೀನ್ ಒಂದಿದೆ. ಈ ಕುಲದಲ್ಲಿ ಆಡಿನದಕ್ಕೂ ಹಸುವಿನದಕ್ಕೂ ಆ ಜೀನ್‌ನಲ್ಲಿ ಒಂದಕ್ಷರದ ವ್ಯತ್ಯಾಸವಿಲ್ಲ, ಅವಳಿಜವಳಿ ಮಕ್ಕಳ ಹಾಗೆ. ಬೇರೆ ಬೇರೆ ಕಡೆಯ ಜೀನ್‌ಗಳನ್ನು ಓದಿಸಬೇಕು. ಎರಡೂ ಜಾತಿಗಳ ಪೂರ್ತಿ ಜೀನೋಮನ್ನು ಹೊರದೇಶದವರು ಆಗಲೇ ಓದಿ ಎಲ್ಲರಿಗೂ ಸಿಗುವಂತೆ ಇಟ್ಟಿದ್ದರು. ಅದರ ಪಕ್ಕದಲ್ಲಿಟ್ಟು ಹೋಲಿಸಬೇಕು. ನಮ್ಮಲ್ಲಿ ಓದುವ ಯಂತ್ರವಿರಲಿಲ್ಲ, ಬೆಂಗಳೂರಿಗೆ ಕೊರಿಯರ್ ಮಾಡಿ ಕಾಯುವುದು. ದೇವರಲ್ಲಿ ಅಷ್ಟೇನೂ ನಂಬಿಕೆಯಿಲ್ಲದ ನಾನು, ಹೇಳಲು ನಾಚಿಕೆ, ಹಸುವಿನದೇ ಆಗಿರಲಪ್ಪಾ ಎಂದು ಬೇಡಿಕೊಂಡೆ.

ಹಸುವಿನದೇ ಆಗಿತ್ತು. ಅವಳ ರಕ್ತದಲ್ಲಿದ್ದದ್ದೂ ಹಾಲಿನಲ್ಲಿದ್ದದ್ದೂ ಓದಿದ ಅಕ್ಷರವೆಲ್ಲ ಒಂದೇ. ಆಡಿನ ಜಾತಿಗೆ ಹೊಂದಲೇ ಇಲ್ಲ.

ಬಸ್ಸಿಳಿದು ಓಡುನಡಿಗೆಯಲ್ಲಿ ಮನೆಗೆ ಹೋದೆ. ಅತ್ತೆಯ ಮುಂದೆ ನಿಂತು ನಾಲ್ಕು ಮಾತು ಚುರುಕಾಗಿ ಅನ್ನಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದೆ. ಹಿತ್ತಲಲ್ಲಿ ಸೊಸೆ ಮೊದಲು ಸಿಕ್ಕಳು. "ನಿನ್ನ ಆಡಲ್ಲ ಕಣೇ! ನಿನ್ನ ಆಡು ಏನೂ ಮಾಡಿಲ್ಲ. ಹಸು!" ಅಂದೆ. ಅವಳ ಮುಖ ಅರಳುತ್ತದೆ ಅಂದುಕೊಂಡಿದ್ದೆ. ಅವಳು ಕೇಳಿದಳು, "ಹಂಗಾದ್ರೆ, ಆ ಗಂಟಿಂದಾನಾ?"

"ಅದರಿಂದಲೇ ಇರಬೇಕು. ಮಾಸಿನಲ್ಲೇ ಅದು ತುಂಬಿಕೊಂಡಿರುತ್ತೆ."

ಅವಳು ನನ್ನ ಕೈ ಹಿಡಿದುಕೊಂಡಳು. "ಅತ್ತೆಗೆ ಹೇಳ್ಬೇಡ ಅಕ್ಕ. ಆಡು ಅಂತಾನೇ ಇರ್ಲಿ. ಅದು ಹೆಂಗೂ ಹೋಗಾಯ್ತು. ಪಾವಂ, ಅವರು ತಾಂಗಲ್ಲ, ತಡ್ಕೊಳ್ಳಲ್ಲ."

"ತಲೆ ಕೆಟ್ಟಿದೆಯಾ ನಿನಗೆ?" ಎಂದು ರೇಗಿದೆ. ಹಸು ಹಿತ್ತಲಲ್ಲೇ ನಿಂತಿದೆ, ಅದರ ಹಾಲು ಮನೆಯೊಳಗೆ ಬರುತ್ತಿದೆ, ನಾಳೆ ನಿನಗೆ ಇನ್ನೊಂದು ಮಗುವಾಗಬೇಕು, ಬರಿಗೈಯಲ್ಲಿ ಮಾಸು ಬಾಚಿದ ನಿನ್ನ ಅತ್ತೆಗೂ ಪರೀಕ್ಷೆ ಆಗಬೇಕು, ಮುಚ್ಚಿಡುವ ಸಂಗತಿಯೇ ಅಲ್ಲ ಇದು ಎಂದು ಬಡಬಡಿಸಿದೆ. ಅವಳು ಕೇಳಿಸಿಕೊಂಡಳು. ಕೊನೆಗೆ, "ಹಂಗಾದ್ರೆ ನಾನೇ ಹೇಳ್ತೀನಿ, ನೀನು ಸುಮ್ನಿರು" ಎಂದು ಒಳಗೆ ನಡೆದಳು.

ಅತ್ತೆ ಮಗ್ಗದ ಪಕ್ಕ ಕೂತು ರಾಟೆಯಲ್ಲಿ ನೂಲು ಸುತ್ತುತ್ತಿದ್ದರು. ಸೊಸೆ ಎದುರಿಗೆ ಕೂತು, ಆಡಲ್ಲವಂತೆ, ಹಸುವಂತೆ, ಆ ಮಾಸಿನಿಂದ ಬಂದದ್ದಂತೆ ಎಂದು ಮೆಲ್ಲಗೆ ಹೇಳಿದಳು. ರಾಟೆ ನಿಂತಿತು. ಅತ್ತೆ ನನ್ನ ಕಡೆ ನೋಡಿದರು. ಹೌದೆಂದು ತಲೆಯಾಡಿಸಿದೆ. ಹೊಂದಿಸಿಟ್ಟುಕೊಂಡ ಮಾತನ್ನೆಲ್ಲ ಬಿಟ್ಟು ಸೊಸೆಯ ಪಕ್ಕ ಕೂತೆ.

ಸೊಸೆ ಅವಸರವಾಗಿ ಅಂದಳು, "ತಪ್ಪು ನಂದೇ ಅತ್ತೆ. ನೀವು ಅವತ್ತೇ ಹೇಳಿದ್ರಿ, ಗಂಟು ಮೈಗೆ ತಾಕಿಸ್ಕೋಬೇಡ, ದೂರ ಹಿಡ್ಕೊಂಡು ಹೋಗು ಅಂತ. ನಾನೇ ಕೇಳ್ಲಿಲ್ಲ."

ಅತ್ತೆ ಕೈಯಲ್ಲಿದ್ದ ನೂಲನ್ನು ಬಿಡಿಸಿ ಕೆಳಗಿಟ್ಟರು. ಆ ಸುಳ್ಳನ್ನು ತೆಗೆದುಕೊಂಡುಬಿಡುತ್ತಾರೆ ಅಂದುಕೊಂಡೆ. ನಾನಾಗಿದ್ದರೆ ತೆಗೆದುಕೊಳ್ಳುತ್ತಿದ್ದೆ.

"ಇಲ್ಲ ಕಣ್ಣು," ಅಂದರು. "ನಾ ಹಂಗೆ ಹೇಳ್ಳೇ ಇಲ್ಲ. ನೀನು ನಾತ ಅಂತ ಮೂಗು ಮುಚ್ಚಿದೆ. ನಾನೇ ಬೈದು, ನಿನ್ ವಯಿತ್ತಿಗೆ ಒತ್ತಿ ಇಟ್ಟೆ."

ತಮಿಳಿನ ವಯಿರು, ಅಂದರೆ ಹೊಟ್ಟೆ. ಸೊಸೆ ಮುಖ ಮುಚ್ಚಿಕೊಂಡು ಅತ್ತಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.